ಮಾವನಿಗೆ ಬೆನ್ನು ತೋರಿಸಿದ ವ್ಯಾನು

ನಾನು ಮುಟ್ಟಿದ ಗಾಡಿ ಹೊಗೆ ಉಗುಳುತ್ತಾ ವಾಪಸ್ಸು ಬಂತೆಂದರೆ ಅಂದು ಸೂರ್ಯ ತಪ್ಪು ದಿಕ್ಕಿನಲ್ಲಿ ಹುಟ್ಟಿದ್ದಾನೆ ಎಂದೇ ಅರ್ಥ. ಆ ದಿನ ಸೂರ್ಯ ಸರಿಯಾದ ದಿಕ್ಕಿನಲ್ಲೇ ಹುಟ್ಟಿದ್ದ. ಹಲ್ಲುಜ್ಜುತ್ತಾ ನಾನೇ ಕಣ್ಣಾರೆ ನೋಡಿದ್ದೆ. ಆದರೂ ಚಹಾ ಲೋಟ ತುಟಿಗಿಡುವಷ್ಟರಲ್ಲಿ ನಮ್ಮ ಗ್ಯಾರೇಜಿನ ಬಾಗಿಲಲ್ಲಿ ಶಾಲೆಯ ಹಳದಿ ವ್ಯಾನು ಬಂದು ನಿಂತಿತು. ಹೊಟ್ಟೆಯಡಿಯಿಂದ ಹೊಗೆ. ಅದೂ ಅಂತಿಂಥ ಹೊಗೆಯಲ್ಲ. ಎದುರುಮನೆಯವರು ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಒಳಗೋಡಿದರು, ಮೇಲೆ ಹಾರುತ್ತಿದ್ದ ಕಾಗೆಗಳು ದಾರಿ ತಪ್ಪಿ ಪಕ್ಕದ ಊರಿಗೆ ಹೋದವು.

ವ್ಯಾನಿನಿಂದ ಇಳಿದವಳು ನನ್ನ ನಾದಿನಿ, ಹೆಂಡತಿಯ ತಂಗಿ. ಆ ಶಾಲೆಯ ಮಕ್ಕಳನ್ನು ಮನೆಯಿಂದ ಕರೆತಂದು ಮನೆಗೆ ಬಿಡುವವಳು ಅವಳೇ. ಹೆಂಗಸಿನ ಕೈಗೆ ಶಾಲೆಯ ವ್ಯಾನು ಕೊಡಲು ಮೊದಮೊದಲು ಯಾರೂ ಒಪ್ಪಿರಲಿಲ್ಲ. ಆ ಕೆಲಸಕ್ಕಾಗಿ ಅವಳು ಸವೆಸಿದ ಚಪ್ಪಲಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ನಮ್ಮ ಶೆಡ್ಡಿನ ಸೂರು ಮುಟ್ಟುತ್ತಿತ್ತು.

"ಭಾವ, ಚಹಾ ಆಮೇಲೆ ಕುಡೀರಿ. ಮೊದಲು ಬಾನೆಟ್ ತೆಗೀರಿ."

"ಏನಾಯ್ತೇ?"

"ಶಾಲೆ ಹತ್ರ ಏರು ಇದೆಯಲ್ಲ, ಅಲ್ಲಿ ಗಾಡಿ ಹತ್ತಲ್ಲ ಅಂತು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಕಿರುಚುತ್ತೆ. ಚಕ್ರ ಮಾತ್ರ ನಿಮ್ಮ ಥರ, ಇದ್ದಲ್ಲಿಂದ ಅಲ್ಲಾಡಲ್ಲ. ಆಮೇಲೆ ನೋಡಿ, ಕೆಳಗಿಂದ ಹೊಗೆ! ಮಕ್ಕಳನ್ನೆಲ್ಲ ಇಳಿಸಿ, ಕೈ ಕೈ ಹಿಡಿಸಿ ನಡೆಸಿಕೊಂಡು ಹೋದೆ. ಗೇಟಲ್ಲೇ ಹೆಡ್ ಮೇಡಂ ನಿಂತಿದ್ರು."

"ಏನಂದ್ರು?"

ಅವಳು ಮುಂಗೈಯಿಂದ ಹಣೆ ಒರೆಸಿಕೊಂಡಳು. "'ಹೋದ ತಿಂಗಳು ತಾನೆ ನಿಮ್ಮಪ್ಪ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದು? ಗಾಡಿ ಸರಿ ಇದ್ರೆ ಓಡಿಸೋಳು ಸರಿ ಇಲ್ಲ ಅಂತ. ಎರಡರಲ್ಲಿ ಯಾವುದು ಅಂತ ಸಂಜೆಯೊಳಗೆ ತೋರಿಸು. ಇಲ್ಲಾಂದ್ರೆ ನಾಳೆಯಿಂದ ಬೇರೆ ಡ್ರೈವರ್' ಅಂದ್ರು."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ತಾನಾಗಿ ಅಲ್ಲ, ಆ ಮಾತಿಗೆ.

"ಆಯಿಲ್ ಸರಿ ಇದೆ" ಎಂಬ ಧ್ವನಿ ಶೆಡ್ಡಿನ ತುದಿಯಿಂದ ಬಂತು.

ಆ ಧ್ವನಿ ನಮ್ಮ ಮಾವನದು. ಈ ಗ್ಯಾರೇಜು ಕಟ್ಟಿದವರು ಅವರು. ಗೋಡೆ ಅವರೇ ಎಬ್ಬಿಸಿದ್ದು, ಶೀಟು ಅವರೇ ಹೊದಿಸಿದ್ದು, ನೆಲಕ್ಕೆ ಸಿಮೆಂಟು ಅವರೇ ಬಳಿದದ್ದು. ಹಿಂದಿನ ಗೋಡೆಗೆ ಒರಗಿಸಿದ ಹಳೇ ಬಸ್ಸಿನ ಸೀಟೊಂದು ಅವರ ಸಿಂಹಾಸನ. ಯಾವ ಗಾಡಿಯಾದರೂ ಮೂತಿ ಮುಂದೆ ಮಾಡಿಕೊಂಡು, ಅವರಿಗೆ ಮುಖ ಕೊಟ್ಟೇ ಒಳಗೆ ಬರಬೇಕು. "ಮುಖ ತೋರಿಸದ ಗಾಡಿಗೆ ನಾನು ಕೈ ಹಾಕಲ್ಲ. ಬೆನ್ನು ತೋರಿಸೋಕೆ ಅದೇನು ನನ್ನ ಅಳಿಯಾನಾ?" ಎನ್ನುವುದು ಅವರ ಮಾತು. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ರಿವರ್ಸಿನಲ್ಲಿ ಕಾರು ತಂದರು. ಮಾವ ಸೀಟಿನಿಂದ ಏಳಲೇ ಇಲ್ಲ. ಅಧಿಕಾರಿ ಬೀದಿಗೆ ಹೋಗಿ, ಕಾರು ತಿರುಗಿಸಿಕೊಂಡು ಬಂದು, ಕ್ಷಮೆ ಕೇಳಿ, ಬೆವರು ಒರೆಸಿಕೊಂಡು, ಒಂದು ವಾರ ಜ್ವರದಲ್ಲಿ ಮಲಗಿದರು. ಜ್ವರದ ವಿಷಯ ನಾನು ಸೇರಿಸಿದ್ದು, ಮಿಕ್ಕದ್ದೆಲ್ಲ ನಿಜ.

"ಅಪ್ಪಾ, ಒಂದ್ಸಲ ನೋಡಾದ್ರೂ ನೋಡು" ಎಂದಳು ನಾದಿನಿ.

"ನಾನೇ ಹಾಕಿದ್ದು, ನಾನೇ ನೋಡಿದ್ದು. ನೀನು ಎಡಗಾಲು ಬ್ರೇಕ್ ಮೇಲಿಟ್ಟುಕೊಂಡೇ ಆಕ್ಸಿಲರೇಟರ್ ತುಳೀತಿದ್ದೀಯ. ಹಾಗೆ ತುಳಿದ್ರೆ ಯಾವ ಗೇರ್‌ಬಾಕ್ಸ್ ತಡೆಯುತ್ತೆ, ಹೇಳು?"

"ಅದು ಆಟೋಮ್ಯಾಟಿಕ್ ಗಾಡಿ ಕಣಪ್ಪಾ. ಅದರಲ್ಲಿ ನನ್ನ ಎಡಗಾಲಿಗೆ ಕೆಲಸಾನೇ ಇಲ್ಲ. ಸುಮ್ನೆ ಜೊತೇಲಿ ಬರುತ್ತೆ, ಭಾವ ಬರೋ ಹಾಗೆ."

ಈ ಮನೆಯಲ್ಲಿ ಎಲ್ಲ ಹೋಲಿಕೆಗಳೂ ಕೊನೆಗೆ ನನ್ನ ತಲೆಯ ಮೇಲೇ ಬಂದು ಕೂರುತ್ತವೆ. ಅಷ್ಟು ಪ್ರಸಿದ್ಧ ನಾನು.

ಸರಿ, ವ್ಯಾನನ್ನು ಒಳಗೆ ತರಿಸಿದೆ. ಉದ್ದದ ಗಾಡಿ; ಮೂತಿ ಮಾವನ ಮೊಣಕಾಲಿಗೆ ತಾಗುವಂತೆ ನಿಂತಿತು. ಗೇರ್‌ಬಾಕ್ಸಿನ ಆಯಿಲ್ ನೋಡುವುದೆಂದರೆ ಕಂಡಕಂಡವರ ಕೆಲಸವಲ್ಲ. ಎಂಜಿನ್ ಆಯಿಲ್ ಆದರೆ ಗಾಡಿ ಆರಿಸಿ ನೋಡುತ್ತೇವೆ. ಇದಕ್ಕೆ ಹಾಗಲ್ಲ, ಗಾಡಿ ಓಡಿ ಬಿಸಿಯಾಗಿರಬೇಕು, ಎಂಜಿನ್ ಗುರುಗುಡುತ್ತಲೇ ಇರಬೇಕು. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಒಂದೊಂದು ಗೇರಿಗೂ ಎಳೆದು, ಅಲ್ಲೊಂದು ಉಸಿರು ನಿಲ್ಲಿಸಿ, ಮತ್ತೆ 'ಪಾರ್ಕ್' ಎಂಬ ನಿಲುಗಡೆಯ ಗೇರಿಗೆ ತರಬೇಕು. ಆಗ ಆಯಿಲ್ ಗೇರ್‌ಬಾಕ್ಸಿನ ಸಂದುಗೊಂದಿಗೆಲ್ಲ ಹರಿದು ತುಂಬಿಕೊಂಡಿರುತ್ತದೆ. ಅದಾದ ಮೇಲೆ ಆಯಿಲ್ ಅಳೆಯುವ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಬುಡದವರೆಗೂ ತೂರಿಸಿ, ಮತ್ತೆ ಎಳೆಯಬೇಕು. ಎರಡನೆಯ ಸಲ ಕಂಡದ್ದೇ ಸತ್ಯ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಏಳು ಸಮುದ್ರದಾಚೆ ಇರಬಹುದು, ಈಚೆ ಇಲ್ಲ.

ನಾದಿನಿ ಲಿವರ್ ಆಡಿಸಿದಳು. ನಾನು ಕಡ್ಡಿ ಎಳೆದೆ, ಒರೆಸಿದೆ, ತೂರಿಸಿದೆ, ಎಳೆದೆ. ಕೆಂಪನೆಯ ಆಯಿಲ್ ಕಡ್ಡಿಯ 'ಬಿಸಿ' ಎಂಬ ಗುರುತಿನ ಮೇಲೆ ಗೆರೆ ಎಳೆದಂತೆ ನಿಂತಿತ್ತು. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ.

"ನೋಡಿದ್ಯಾ?" ಎಂದರು ಮಾವ, ಸೀಟಿನಿಂದಲೇ.

ನಾದಿನಿ ಇಳಿದು ಬಂದು ಕಡ್ಡಿಯನ್ನು ಬೆಳಕಿಗೆ ಹಿಡಿದಳು. "ಗುಳ್ಳೆ ಇದೆ, ಅಪ್ಪಾ. ಸಣ್ಣ ಸಣ್ಣ ಗುಳ್ಳೆ. ಆಯಿಲ್ ಜಾಸ್ತಿಯಾದ್ರೆ ಒಳಗಿನ ಚಕ್ರಗಳು ಅದನ್ನ ಕಡೆದು ನೊರೆ ಎಬ್ಬಿಸ್ತವೆ, ನೊರೆ ಮೇಲೆ ಗೇರ್ ಜಾರುತ್ತೆ, ಉಕ್ಕಿ ಸೈಲೆನ್ಸರ್ ಮೇಲೆ ಬಿದ್ರೆ ಹೊಗೆ ಬರುತ್ತೆ ಅಂತ ನೀನೇ ಹೇಳಿಕೊಟ್ಟಿದ್ದು."

"ಗುರುತು ನೋಡು. ಗುಳ್ಳೆ ನೋಡ್ಬೇಡ."

"ಹಾಗಾದ್ರೆ ಈ ಗುರುತನ್ನೇ ಮೇಡಂ ಮುಂದೆ ತೋರಿಸೋಣ ಬನ್ನಿ. ಗಾಡಿ ಸರಿ ಇದೆ ಅಂತಾದ್ರೂ ಗೊತ್ತಾಗ್ಲಿ, ಮುಂದಿನದು ನಾನು ಮಾತಾಡ್ಕೋತೀನಿ."

ಮಾವ ಬರಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರು ಆ ಸೀಟು ಬಿಟ್ಟು ಬೀದಿಗಿಳಿದದ್ದನ್ನು ನಾನಂತೂ ಕಂಡಿಲ್ಲ. ನಾನು ಹೋದೆ. ದಾರಿಯುದ್ದಕ್ಕೂ ಕಿಟಕಿಯಿಂದ ಕೈ ಹೊರಗಿಟ್ಟು ಕೂತಿದ್ದೆ, ಊರಿನ ಜನ ನೋಡಲಿ ಎಂದು. ಏರು ಬಂದಾಗ ವ್ಯಾನು ಒರಲಿತು, ಜಾರಿತು, ಅಂತೂ ಹತ್ತಿತು.

ಶಾಲೆಯ ಅಂಗಳ ಹಾಸುಗಲ್ಲಿನದು, ಮಕ್ಕಳು ಚೆಂಡಾಡುವ ಜಾಗ, ಚಪ್ಪಟೆ. ಮೇಡಂ ಕನ್ನಡಕ ಏರಿಸಿಕೊಂಡು ಬಂದು ನಿಂತರು. ನಾನು ಅಂಗಿಯ ತೋಳು ಮಡಿಸಿ, ನಾದಿನಿಗೆ ಸನ್ನೆ ಮಾಡಿ, ಎಲ್ಲವನ್ನೂ ಕ್ರಮವಾಗಿ ಮಾಡಿಸಿ, ಕತ್ತಿ ಹಿರಿಯುವ ಸೇನಾಪತಿಯ ಗತ್ತಿನಲ್ಲಿ ಕಡ್ಡಿಯನ್ನು ಎರಡನೆಯ ಸಲ ಎಳೆದೆ.

"ನೋಡಿ ಮೇಡಂ!"

ಅವರು ನೋಡಿದರು. ನಾನೂ ನೋಡಿದೆ.

ಆಯಿಲ್ ಗುರುತಿನಿಂದ ಒಂದು ಬೆರಳು ಮೇಲಿತ್ತು.

"ಗೆರೆ ಕೆಳಗಿದೆ, ಎಣ್ಣೆ ಮೇಲಿದೆ. ಇದು ಸರೀನಾ?" ಎಂದು ಕೇಳಿದರು ಮೇಡಂ.

"ಒಳ್ಳೇ ಆಯಿಲ್ ಅಲ್ವಾ ಮೇಡಂ... ಬಿಸಿಯಾದ್ರೆ ಸಂತೋಷಕ್ಕೆ ಸ್ವಲ್ಪ ಹಿಗ್ಗುತ್ತೆ."

"ಹಿಗ್ಗಿದ ಮೇಲೆ ನೋಡೋದಕ್ಕೆ ತಾನೆ ಆ 'ಬಿಸಿ' ಗೆರೆ ಇರೋದು?"

ಇಂಥ ಪ್ರಶ್ನೆ ಕೇಳುವವರು ಶಾಲೆಯಲ್ಲಿದ್ದರೆ ಮಕ್ಕಳು ಉದ್ಧಾರವಾಗುವುದು ಖಂಡಿತ, ಮೆಕ್ಯಾನಿಕ್‌ಗಳು ಹಾಳಾಗುವುದೂ ಖಂಡಿತ. "ಗ್ಯಾರೇಜಲ್ಲಿ ಎಷ್ಟಿತ್ತು?" ಎಂದರು. ಗುರುತಿನ ಮೇಲೇ ಇತ್ತು ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಹೇಳಬಾರದಿತ್ತು. ಮೇಡಂ ಕಣ್ಣು ನಿಧಾನವಾಗಿ ನಾದಿನಿಯ ಕಡೆ ತಿರುಗಿತು.

"ಹಾಗಾದ್ರೆ ದಾರಿಯಲ್ಲಿ ಆಯಿಲ್ ಸುರಿದೋರು ಯಾರಮ್ಮ? ತಪ್ಪು ಗ್ಯಾರೇಜಿನ ಮೇಲೆ ಬರಲಿ ಅಂತಾನಾ?"

ನಾದಿನಿಯ ಮುಖ ಸುಣ್ಣ ಬಳಿದಂತಾಯಿತು. ನನ್ನನ್ನು ಒಮ್ಮೆ ನೋಡಿದಳು ಅಷ್ಟೇ. ಆ ನೋಟಕ್ಕೆ ನಾನು ಆರು ಅಡಿಯಿಂದ ಮೂರಕ್ಕಿಳಿದೆ.

ಮತ್ತೆ ಗ್ಯಾರೇಜು. ಅದೇ ಜಾಗ, ಅದೇ ಬಿಸಿ, ಮೂತಿ ಮಾವನ ಮೊಣಕಾಲಿಗೆ. ಕಡ್ಡಿ ಎಳೆದೆ. ಆಯಿಲ್ ಸರಿಯಾಗಿ ಗುರುತಿನ ಮೇಲೆ!

ನಾನು ಹಿಂದಕ್ಕೆ ಹೆಜ್ಜೆ ಹಾಕಿ ಟೂಲ್‌ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಸ್ಪ್ಯಾನರುಗಳು ಚುಚ್ಚಿದರೂ ಏಳಲಿಲ್ಲ. ಒಂದು ತೊಟ್ಟು ತೆಗೆದಿಲ್ಲ, ಒಂದು ತೊಟ್ಟು ಹಾಕಿಲ್ಲ. ಹೊರಗೆ ಹೋದರೆ ಬೆಳೆಯುತ್ತದೆ, ಒಳಗೆ ಬಂದರೆ ಕುಗ್ಗುತ್ತದೆ. ಮಾವನನ್ನು ಕಂಡರೆ ನನಗೂ ಹೀಗೇ ಆಗುತ್ತದೆ, ನಿಜ. ಆದರೆ ನಾನು ಮನುಷ್ಯ, ಇದು ಆಯಿಲ್.

"ಮಾವ, ಅಲ್ಲಿ ಒಂದು ಬೆರಳು ಜಾಸ್ತಿ ಇತ್ತು. ನನ್ನ ಕಣ್ಣಾಣೆ."

"ಮೇಡಂ ಮುಂದೆ ನಿಮ್ಮ ಕೈ ನಡುಗಿರುತ್ತೆ, ಅಳಿಯಂದಿರೇ" ಎಂದು ಮಾವ ಎದ್ದರು. ತಾವೇ ಕಡ್ಡಿ ಎಳೆದರು, ಒರೆಸಿದರು, ತೂರಿಸಿ ಮತ್ತೆ ಎಳೆದರು. ಗುರುತಿನ ಮೇಲೆ. ಕಡ್ಡಿಯನ್ನು ಮಗಳ ಕಣ್ಣಿನ ಮುಂದೆ ಹಿಡಿದರು. "ಗಾಡಿಯಲ್ಲಿ ದೋಷ ಇಲ್ಲ. ನಾನೇ ಮೇಡಂಗೆ ಫೋನ್ ಮಾಡಿ ಹೇಳ್ತೀನಿ."

ನಾನು ಕಿವಿ ಉಜ್ಜಿಕೊಂಡೆ. ಗಾಡಿಯಲ್ಲಿ ದೋಷ ಇಲ್ಲ ಎಂದು ಈ ಮನುಷ್ಯ ಫೋನ್ ಮಾಡಿದರೆ ಅದರರ್ಥ ದೋಷ ಮಗಳಲ್ಲಿದೆ ಎಂದು. ತಮ್ಮ ಬಾಯಿಂದಲೇ ಹೆತ್ತ ಮಗಳ ಕೆಲಸ ತೆಗೆಸಲು ಹೊರಟಿದ್ದರು, ಅದೂ ಚಪ್ಪಲಿ ಹುಡುಕುವಷ್ಟು ಸಲೀಸಾಗಿ. ಅವರ ಕೈ ಆಗಲೇ ಜೇಬಿನೊಳಗೆ ಫೋನ್ ತಡಕುತ್ತಿತ್ತು.

"ಮಾವ, ಸ್ವಲ್ಪ ತಡೀರಿ..."

"ಮಗಳು ಅಂತ ಸುಳ್ಳು ಹೇಳ್ಲಾ? ಗಾಡೀಲಿ ಮಕ್ಕಳು ಕೂರ್ತಾರೆ."

ನಾದಿನಿ ವ್ಯಾನು ಹತ್ತಿದಳು. ರಿವರ್ಸಿನಲ್ಲಿ ಬೀದಿಗಿಳಿದಳು. ಕೋಪಕ್ಕೆ ಹೊರಟೇ ಹೋದಳು ಎಂದುಕೊಂಡೆ. ಹೋಗಲಿಲ್ಲ. ಬೀದಿಯ ಮಧ್ಯೆ ಆ ಆನೆಯಂಥ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಎದುರುಮನೆಯ ಮೆಟ್ಟಿಲಿಗೆ ಕಾಗದದಷ್ಟು ಸಂದು ಬಿಟ್ಟು, ಪೂರ್ತಿ ತಿರುಗಿಸಿದಳು. ಎರಡೂ ಕಡೆ ಸೈಕಲ್ಲು, ಕಾರು, ಬಸ್ಸುಗಳು ನಿಂತು ಹಾರ್ನ್ ಹೊಡೆದವು. ಒಬ್ಬನಂತೂ ಬಸ್ಸಿನ ಮೇಲೆ ಹತ್ತಿ ನೋಡಿದ. ಆಮೇಲೆ ವ್ಯಾನಿನ ಹಿಂಬದಿಯ ಕೆಂಪು ದೀಪಗಳು ನಮ್ಮ ಕಡೆ ಬರತೊಡಗಿದವು.

"ಏಯ್! ಏಯ್, ಏನ್ಮಾಡ್ತಿದ್ದೀಯ?" ಎಂದರು ಮಾವ.

ವ್ಯಾನು ಹಿಂದು ಹಿಂದಾಗಿ ಶೆಡ್ಡಿನೊಳಗೆ ಬಂತು. ಬಂದು, ಮಾವನ ಮೊಣಕಾಲಿನ ಮುಂದೆ ನಿಂತು, ಅವರ ಮುಖದ ಮೇಲೇ ಫುಸ್ಸೆಂದು ಹೊಗೆ ಬಿಟ್ಟಿತು. ಮಾವನಿಗೆ ಬೆನ್ನು! ಅವರದೇ ಶೆಡ್ಡಿನಲ್ಲಿ, ಅವರದೇ ಮಗಳು! ಗೋಡೆಯ ಮೇಲಿನ ಗಡಿಯಾರ ನಿಂತುಹೋಯಿತು. ಅದು ಮೊದಲೇ ನಿಂತಿತ್ತು ಎಂದು ನನ್ನ ಹೆಂಡತಿ ವಾದಿಸುತ್ತಾಳೆ, ಅವಳು ಅಲ್ಲಿರಲಿಲ್ಲ.

"ಭಾವ, ಕಡ್ಡಿ ತೆಗೀರಿ" ಎಂದಳು ನಾದಿನಿ, ಬ್ರೇಕ್ ಒತ್ತಿ ಹಿಡಿದು ಲಿವರ್ ಆಡಿಸುತ್ತಾ.

ನಾನು ಮಾವನನ್ನು ನೋಡಿದೆ. ಹೊಗೆಯಲ್ಲಿ ಅವರ ಮೀಸೆಯಷ್ಟೇ ಕಾಣುತ್ತಿತ್ತು.

"ಭಾವ!"

ಕಡ್ಡಿ ಎಳೆದೆ. ಒರೆಸಿದೆ. ತೂರಿಸಿ ಎಳೆದೆ. ಎಳೆದವನು ಹಾಗೇ ನಿಂತೆ. ಗುರುತಿನಿಂದ ಎರಡು ಬೆರಳು ಮೇಲೆ. ಶಾಲೆಯಲ್ಲಿ ಕಂಡದ್ದಕ್ಕಿಂತ ಇನ್ನೂ ಒಂದು ಬೆರಳು ಹೆಚ್ಚು. ಅದೇ ಶೆಡ್ಡು, ಅದೇ ಆಯಿಲ್, ಅದೇ ನನ್ನ ಕೈ. ಈಗ ಆ ಕೈ ನಿಜವಾಗಿಯೂ ನಡುಗುತ್ತಿತ್ತು.

ಮಾವ ವ್ಯಾನಿಗೂ ಗೋಡೆಗೂ ಮಧ್ಯೆ ಅಡ್ಡಡ್ಡ ತೂರಿಕೊಂಡು ಮುಂದೆ ಬಂದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕಡ್ಡಿ ಕಸಿದುಕೊಂಡರು. ತಾವೇ ಒರೆಸಿ ತಾವೇ ಎಳೆದರು. ಎರಡು ಬೆರಳು. ಮತ್ತೆ ಒರೆಸಿ ಎಳೆದರು. ಎರಡೇ ಬೆರಳು.

ನಾದಿನಿ ಎಂಜಿನ್ ಆರಿಸಿ ಇಳಿದಳು. ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ಬಿಸಿ ತಗಡಿನ ಟಿಕ್ ಟಿಕ್ ಮಾತ್ರ ಉಳಿಯಿತು.

"ಅಪ್ಪಾ, ಈ ನೆಲ ತೊಳೆದ್ರೆ ನೀರು ಎಲ್ಲಿಗೆ ಹೋಗುತ್ತೆ?"

"ಬೀದಿ ಚರಂಡಿಗೆ."

"ಯಾರು ನೂಕ್ತಾರೆ?"

"ಯಾರ್ಯಾಕೆ ನೂಕ್ಬೇಕು? ತಾನಾಗೇ ಹೋಗುತ್ತೆ. ನೀರು ನಿಲ್ಲಬಾರದು ಅಂತ ನಾನೇ ಗೇಣು ಇಳಿಜಾರು ಕೊಟ್ಟು..."

ಮಾತು ಅಲ್ಲಿಗೇ ನಿಂತಿತು. ಮಾವನ ಬಾಯಿ ತೆರೆದೇ ಇತ್ತು. ನನ್ನದೂ.

ಹಿಂದಿನ ಗೋಡೆ ಎತ್ತರ, ಬೀದಿಯ ಕಡೆ ತಗ್ಗು. ಆ ನೆಲವನ್ನು ದಿನಾ ತೊಳೆದವನು ನಾನು, ನೀರಿನ ಹಿಂದೆಯೇ ಪೊರಕೆ ಹಿಡಿದು ಓಡಿದವನು ನಾನು. ಆದರೆ ಆ ನೆಲ ವಾರೆ ಎಂಬ ಮಾತು ನನ್ನಂಥ ಸೂಕ್ಷ್ಮಬುದ್ಧಿಯವನ ತಲೆಗೂ ಹೊಳೆದಿರಲಿಲ್ಲವೆಂದರೆ ಅದೆಂಥ ಕಪಟದ ನೆಲವಿರಬೇಕು! ಗಾಡಿಗಳೆಲ್ಲ ಮಾವನಿಗೆ ಮುಖ ಕೊಟ್ಟು ನಿಲ್ಲುತ್ತವೆ, ಅಂದರೆ ಮೂತಿ ಎತ್ತಿಕೊಂಡು. ಆಗ ಆಯಿಲ್ ಹಿಂದಕ್ಕೆ ಸರಿಯುತ್ತದೆ. ಈ ವ್ಯಾನಿನ ಕಡ್ಡಿ ಇಳಿಯುವುದು ಗೇರ್‌ಬಾಕ್ಸಿನ ಮುಂದಿನ ತುದಿಗೆ. ಅಲ್ಲಿ ಆಯಿಲ್ ಕಡಿಮೆ ಕಂಡಿತು. ಗುರುತು ಮುಟ್ಟುವವರೆಗೆ ಮಾವ ಸುರಿದರು. ಚಿಕ್ಕ ಕಾರುಗಳ ಗೇರ್‌ಬಾಕ್ಸು ಗಿಡ್ಡ, ಅದೂ ಅಡ್ಡಡ್ಡ ಕೂತಿರುತ್ತದೆ, ಹಾಗಾಗಿ ಅವು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಇಷ್ಟು ಉದ್ದದ ಆಟೋಮ್ಯಾಟಿಕ್ ಗಾಡಿಗೆ ನಾವು ಇಲ್ಲಿ ಆಯಿಲ್ ಹಾಕಿದ್ದೇ ಇತ್ತೀಚೆಗೆ.

ಮಾವ ನೆಲದ ಮೇಲೇ ಕೂತರು. ಅಂಗೈಯನ್ನು ಸಿಮೆಂಟಿನ ಮೇಲೆ ಚಪ್ಪಟೆಯಾಗಿ ಇಟ್ಟರು, ಜ್ವರ ನೋಡುವವರ ಹಾಗೆ.

"ಮಾವ, ನೀವೇನೂ ಯೋಚನೆ ಮಾಡ್ಬೇಡಿ. ಮೇಡಂಗೆ ನಾನು ಹೇಳ್ತೀನಿ. ಡಬ್ಬದಲ್ಲಿ ಬಂದ ಆಯಿಲೇ ಕಲಬೆರಕೆ ಅಂತೀನಿ. ಇಲ್ಲಾಂದ್ರೆ ಕಡ್ಡಿ ಬಾಗಿದೆ ಅಂತೀನಿ. ಇಲ್ಲಾಂದ್ರೆ..."

"ಭಾವ, ಸ್ವಲ್ಪ ಸುಮ್ನಿರಿ" ಎಂದಳು ನಾದಿನಿ. ಮೊದಲ ಸಲ ಬೇಡಿಕೊಳ್ಳುವ ದನಿಯಲ್ಲಿ.

ಮಾವ ಎದ್ದರು. ಕೈಪಂಪು, ಸಣ್ಣ ಕೊಳವೆ, ಖಾಲಿ ಡಬ್ಬ ಎತ್ತಿಕೊಂಡರು. ಬೀದಿಗಿಳಿದರು. ವ್ಯಾನಿನ ಬಾಗಿಲು ತಾವೇ ತೆಗೆದು ಮಕ್ಕಳ ಸೀಟಿನಲ್ಲಿ ಕೂತರು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲವೆಂದರೆ ಪರಿಸ್ಥಿತಿ ಎಷ್ಟು ಗಂಭೀರ ನೋಡಿ.

ಶಾಲೆ ಬಿಡುವ ಹೊತ್ತು. ಮೇಡಂ ಅಂಗಳದಲ್ಲೇ ಕಾಯುತ್ತಿದ್ದರು. ಚಪ್ಪಟೆ ಹಾಸುಗಲ್ಲಿನ ಮೇಲೆ ವ್ಯಾನು ನಿಂತಿತು, ಎಂಜಿನ್ ಗುರುಗುಡುತ್ತಿತ್ತು. ಮಾವ ಕಡ್ಡಿಯ ಕೊಳವೆಯೊಳಕ್ಕೆ ಪಂಪಿನ ಕೊಳವೆ ಇಳಿಸಿ ಆಯಿಲ್ ಎಳೆದರು. ನಿಲ್ಲಿಸಿ ನೋಡಿದರು. ಮತ್ತೆ ಎಳೆದರು. ಮಗಳು ಪ್ರತಿ ಸಲವೂ ಲಿವರ್ ಆಡಿಸಿದಳು. ಕೊನೆಗೆ ಆಯಿಲ್ ಗುರುತಿಗೆ ಇಳಿಯಿತು. ಮಾವ ಕಡ್ಡಿಯನ್ನು ಮೇಡಂಗೆ ತೋರಿಸಿದರು.

"ಒಂದು ಸುತ್ತು ಹೋಗಿ ಬಾ" ಎಂದರು ಮೇಡಂ ನಾದಿನಿಗೆ.

ಗೇಟು ದಾಟಿದ ವ್ಯಾನು ಏರಿನ ಬುಡದಿಂದ ಮತ್ತೆ ಹತ್ತಿ ಬರುವುದನ್ನು ನಾವು ಮೂವರೂ ಕಿವಿಗೊಟ್ಟು ಕೇಳಿದೆವು. ಒರಲಲಿಲ್ಲ. ಹೊಗೆಯಿಲ್ಲ. ಬೆಕ್ಕು ಮೆಟ್ಟಿಲು ಹತ್ತಿದಂತೆ ಬಂತು.

"ಹಾಗಾದ್ರೆ ತಪ್ಪು ಯಾರದು?" ಎಂದು ಕೇಳಿದರು ಮೇಡಂ.

ನಾನು ಗಂಟಲು ಸರಿಮಾಡಿಕೊಂಡು, "ಮೇಡಂ, ಈ ಭೂಮಿ ಇದೆಯಲ್ಲ, ಅದು ಗುಂಡಗಿರೋದ್ರಿಂದ..." ಎಂದು ಶುರುಮಾಡಿದೆ. ಆಯಿಲ್ ಮೆತ್ತಿದ ಕೈಯೊಂದು ನನ್ನ ಭುಜದ ಮೇಲೆ ಬಿತ್ತು.

"ನನ್ನದು" ಎಂದರು ಮಾವ. "ನನ್ನ ಶೆಡ್ಡಿನ ನೆಲ ವಾರೆ. ಹಾಕಿದ್ದು ನಾನೇ. ಆ ನೆಲದ ಮೇಲೆ ನೋಡಿ ಆಯಿಲ್ ಜಾಸ್ತಿ ಸುರಿದಿದ್ದೂ ನಾನೇ. ಬೆಳಿಗ್ಗೆ ಅದನ್ನ ಮಗಳ ಕಾಲಿನ ಮೇಲೆ ಹೊರಿಸಿದ್ದೆ. ಅವಳು ಓಡಿಸೋದು ಸರಿಯಾಗೇ ಇದೆ ಮೇಡಂ. ಕೆಲಸದಿಂದ ತೆಗೀಬೇಡಿ."

ಮಾವನ ಬಾಯಿಂದ 'ನನ್ನದು' ಎಂಬ ಮಾತು ಬಂದಾಗಲೆಲ್ಲ ಅದರ ಹಿಂದೆ ಮನೆಯೋ ಗ್ಯಾರೇಜೋ ಸ್ಪ್ಯಾನರೋ ಇರುತ್ತಿತ್ತು. ಅಂದು ತಪ್ಪು ಇತ್ತು. ಗುಡುಗು ಬಡಿದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ವ್ಯಾನಿನಿಂದ ಇಳಿಯುತ್ತಿದ್ದ ನಾದಿನಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಹಾಗೇ ನಿಂತಿದ್ದಳು.

ಮೇಡಂ ಕಣ್ಣು ನಮ್ಮನ್ನು ದಾಟಿ ಕಾಂಪೌಂಡಿನ ಮರದ ಕಡೆ ಹೋಯಿತು. ನಾವೂ ತಿರುಗಿ ನೋಡಿದೆವು. ಮರದಡಿ ನೆರಳಲ್ಲಿ ಅವರ ಕಾರು ನಿಂತಿತ್ತು. ಹಳೇ ಕಾಲದ್ದು. ಆಟೋಮ್ಯಾಟಿಕ್. ಬಾನೆಟ್ಟೇ ಒಂದು ಮಂಚದಷ್ಟು ಉದ್ದ.

"ಅದಕ್ಕೂ ಮೊನ್ನೆ ಆಯಿಲ್ ಹಾಕಿದ್ದು ನೀವೇ ಅಲ್ವಾ?" ಎಂದರು.

ಮಾವ ಹೌದೆಂದು ತಲೆಯಾಡಿಸಿದರು. ಆ ಕಾರಿನ ಕಡ್ಡಿ ನೋಡಿ "ಕೂದಲೆಳೆ ಹೆಚ್ಚಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದವನು ನಾನು.

ಮೇಡಂ ಚೀಲದಿಂದ ಕೀಲಿ ತೆಗೆದರು. ಮಾವ ಅಭ್ಯಾಸದಂತೆ ಕೈ ಚಾಚಿದರು. ಕೀಲಿ ಅವರ ಕೈಯನ್ನು ದಾಟಿ, ನನ್ನ ಕೈಯನ್ನೂ ದಾಟಿ, ನಾದಿನಿಯ ಅಂಗೈಯಲ್ಲಿ ಬಿತ್ತು.

"ನೀನೇ ನೋಡಮ್ಮ. ಇಲ್ಲೇ, ಈ ಚಪ್ಪಟೆ ಕಲ್ಲಿನ ಮೇಲೇ. ಬೇಗ ಮುಗಿಸು, ಮಕ್ಕಳನ್ನ ಮನೆಗೆ ಬಿಡೋ ಹೊತ್ತಾಯ್ತು. ನಾಳೆ ಬೆಳಿಗ್ಗೆ ತಡ ಮಾಡ್ಬೇಡ."

ನಾದಿನಿ ಕೀಲಿ ಮುಷ್ಟಿಯಲ್ಲಿ ಬಿಗಿಹಿಡಿದು ಕಾರಿನ ಕಡೆ ನಡೆದಳು. ಬೀದಿಯ ಮೇಲೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಂಡು ಬಂದು ಅಂಗಳದ ನಡುವೆ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಲಿವರ್ ಆಡಿಸಿ, ಪಾರ್ಕಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ಇಳಿದಳು.

"ಅಪ್ಪಾ, ಬಾನೆಟ್."

ಮಾವ ಬಾನೆಟ್ ಎತ್ತಿ ಹಿಡಿದರು. ಅವಳು ಕಡ್ಡಿ ಎಳೆದಳು. ಅವರು ಬಟ್ಟೆ ಚಾಚಿದರು. "ನೂಲು ಅಂಟದ ಹಾಗೆ ಒರೆಸು."

"ಗೊತ್ತಪ್ಪಾ."

"ಬುಡದವರೆಗೂ ಹಾಕು."

"ಗೊತ್ತು ಅಂದ್ನಲ್ಲಪ್ಪಾ."

ಕಡ್ಡಿ ಎರಡನೆಯ ಸಲ ಹೊರಬಂತು. ನಾಲ್ಕು ತಲೆಗಳು ಅದರ ಮೇಲೆ ಬಗ್ಗಿದವು. ಮೇಡಂ ಕನ್ನಡಕ ಸರಿಮಾಡಿಕೊಳ್ಳುತ್ತಾ, "ಎಷ್ಟಿದೆ?" ಎಂದು ಕೇಳಿದರು.

ಮಾವ ಕೈಪಂಪನ್ನು ಮತ್ತೆ ಎತ್ತಿಕೊಂಡು, ಕೊಳವೆ ಒರೆಸತೊಡಗಿದರು.